ಅಮ್ಮನಿಗೆ ಬರೆದ ಕಾಪ್ಟಿಕ್ ಪತ್ರ

ಕೇಳುಗರಿಗೆ ನಮಸ್ಕಾರ. ಪಪೈರಸ್, ಅಂದರೆ ಹಳೆಯ ಈಜಿಪ್ಟಿನ ಜೊಂಡಿನ ಹಾಳೆ, ಅಂದ ಕೂಡಲೇ ನಮ್ಮವರು, 'ಕನ್ನಡ ಮಾತಿದೆಯಂತಲ್ಲ, ಅದರ ಮೇಲೆ ಬರೆದ ಆ ಗ್ರೀಕ್ ಪ್ರಹಸನ ತಾನೇ?' ಅನ್ನುತ್ತಾರೆ. ಅದರ ಚರ್ಚೆ ನೂರು ವರ್ಷದಿಂದ ನಡೆದೇ ಇದೆ. ಇವತ್ತೊಂದು ದಿನ ಅದನ್ನು ಬಿಡೋಣ. ನಾನು ಹೇಳಹೊರಟಿರುವುದು ಮನೆಮಂದಿ ಬರೆದುಕೊಂಡ ಪತ್ರಗಳ ವಿಷಯ.

ಈಜಿಪ್ಟಿನ ಪಶ್ಚಿಮ ಮರುಭೂಮಿಯಲ್ಲಿ, ದಾಖ್ಲಾ ಓಯಸಿಸ್‌ನಲ್ಲಿ, ಕೆಲ್ಲಿಸ್ ಅಂತ ಒಂದು ಊರಿತ್ತು. ನಾಲ್ಕನೇ ಶತಮಾನದ ಕೊನೆಯ ಹೊತ್ತಿಗೆ ಜನ ಊರು ಬಿಟ್ಟರು, ಮರಳು ಮುಚ್ಚಿಕೊಂಡಿತು. 1980ರ ದಶಕದಲ್ಲಿ ಆಸ್ಟ್ರೇಲಿಯಾದ ತಂಡ ಅಗೆಯಲು ಶುರು ಮಾಡಿತು. ಮನೆಗಳೊಳಗೆ ಪಪೈರಸ್ ಚೂರುಗಳು ಸಿಕ್ಕವು. ಕರಾರುಗಳು ಗ್ರೀಕ್‌ನಲ್ಲಿ, ಅದು ಕಚೇರಿಯ ಭಾಷೆ. ಮನೆಯ ಪತ್ರಗಳು ಹೆಚ್ಚಾಗಿ ಕಾಪ್ಟಿಕ್‌ನಲ್ಲಿ, ಅಂದರೆ ಈಜಿಪ್ಟಿನವರ ಆಗಿನ ಭಾಷೆಯಲ್ಲಿ, ಅದು ಮನೆಮಾತು. ಇದೊಂದನ್ನು ನೆನಪಿಡಿ, ಸಾಕು: ಕಾಪ್ಟಿಕ್ ಪತ್ರ ಅಂದರೆ ಮನೆಯ ಪತ್ರ.

ಆ ಊರಿನ ಮಕಾರಿಯೋಸ್‌ನ ಕಥೆ ಕೇಳಿ. ಅವನ ಕುಟುಂಬ ಮಾನಿ ಪಂಥದ್ದು, ಅಂದರೆ ಮೂರನೇ ಶತಮಾನದ ಮಾನಿ ಎಂಬ ಪ್ರವಾದಿಯನ್ನು ನಂಬಿದವರು. ಅವನು ನೈಲ್ ಕಣಿವೆಯಲ್ಲಿ ಓಡಾಡಿಕೊಂಡಿದ್ದ, ಹೆಂಡತಿ ಮರಿಯಾ ಮನೆಯಲ್ಲಿದ್ದಳು. ಮಗ ಮತ್ತಾಯೋಸ್‌ಗೆ ಅವನು ಬರೆಯುತ್ತಾನೆ: ಗ್ರೀಕೋ ಕಾಪ್ಟಿಕೋ, ದಿನಾ ಕೀರ್ತನೆ ಓದು. ದಿನಾ ಸ್ವಲ್ಪ ಬರೆದು ಅಭ್ಯಾಸ ಮಾಡು, ಪುಸ್ತಕ ನಕಲು ಮಾಡಲು ನೀನು ಬೇಕು. ಅಪ್ಪಂದಿರು ಹೀಗೇ ಅಲ್ವಾ! ಇನ್ನೊಬ್ಬ ಮಗ ಪಿಯೆನೆ ಪಂಥದ ಗುರುವಿನ ಜೊತೆ ಊರೂರು ಸುತ್ತುತ್ತಿದ್ದಾನೆ. ಗುರುವಿಗೆ ಅವನೆಂದರೆ ಬಹಳ ಪ್ರೀತಿ, ಲ್ಯಾಟಿನ್ ಕಲಿಸುತ್ತಿದ್ದಾರೆ ಅಂತ ಮನೆಗೆ ಸುದ್ದಿ ಹೋಗುತ್ತದೆ. ಲ್ಯಾಟಿನ್! ಮರುಭೂಮಿಯ ಹುಡುಗನಿಗೆ! ಆಮೇಲೆ ಮತ್ತಾಯೋಸ್ ತಾನೇ ಅಮ್ಮನಿಗೆ ಬರೆಯುತ್ತಾನೆ. ಪಿಯೆನೆ ಗುರುವಿನ ಜೊತೆ ಅಲೆಕ್ಸಾಂಡ್ರಿಯಾಕ್ಕೆ ಹೋದ ಅಂತ ಅದರಲ್ಲಿದೆ. ಇದನ್ನೆಲ್ಲ ಯಾವ ರಾಜನ ಶಾಸನದಲ್ಲಿ ಹುಡುಕುತ್ತೀರಿ? ಪಂಥ, ಧರ್ಮ ಅಂತ ಪಂಡಿತರು ಪುಟ ತುಂಬಿಸಲಿ. ನನಗೆ ಇದು ಮೊದಲು ಮನೆಯ ಪತ್ರ.

ಸಮಯ ಆಗಿಬಿಟ್ಟಿತು. ಕಾಪ್ಟಿಕ್ ಲಿಪಿಯ ಬಗ್ಗೆ ಇಷ್ಟೇ: ಗ್ರೀಕ್ ಅಕ್ಷರ, ಜೊತೆಗೆ ಈಜಿಪ್ಟಿನ ಹಳೆಯ ಡೆಮೋಟಿಕ್ ಲಿಪಿಯಿಂದ ತಂದ ಕೆಲವು. ಹಾಳೆ ಜೊಂಡಿನ ತಿರುಳಿನದು. ಸೀಳುಗಳನ್ನು ಒಂದು ಪದರ ಉದ್ದಕ್ಕೆ, ಒಂದು ಅಡ್ಡಕ್ಕೆ ಇಟ್ಟು ಒತ್ತುತ್ತಿದ್ದರು.

ಮಕ್ಕಳ ಮನೆಗೆ ಅಂತ ಲಂಡನ್, ಬರ್ಲಿನ್, ವಿಯೆನ್ನಾ ಕಡೆ ಹೋಗುವವರು ಈಗ ಜಾಸ್ತಿ. ಅಲ್ಲಿನ ಸಂಗ್ರಹಗಳಲ್ಲಿ ಕಾಪ್ಟಿಕ್ ಚೂರುಗಳಿವೆ, ವಿಯೆನ್ನಾದಲ್ಲಂತೂ ಪಪೈರಸ್‌ಗೇ ಒಂದು ಮ್ಯೂಸಿಯಂ ಇದೆ. ಗಾಜಿನೊಳಗಿನ ಕಂದು ಚೂರನ್ನು ಸುಮ್ನೆ ದಾಟಿ ಹೋಗಬೇಡಿ. ಮೊದಲು ಅಂಚು ನೋಡಿ. ಹಾಳೆ ಮುಗಿದರೂ ಮಾತು ಮುಗಿಯದವರು ಅಲ್ಲಿ ಅಡ್ಡಡ್ಡ ಬರೆದಿರುತ್ತಾರೆ. ಕನ್ನಡಕ ಮರೆಯಬೇಡಿ, ಅಕ್ಷರ ಸಣ್ಣದು. ನಮಸ್ಕಾರ.