ಅದಿರು ಇತ್ತು, ಊರು ಖಾಲಿಯಾಯಿತು: ಕುದುರೆಮುಖದ ಕಥೆ

ಎಲ್ಲರಿಗೂ ನಮಸ್ಕಾರ.

ಗಣಿ ಊರು ಅಂದ ಕೂಡಲೇ ನಮಗೆ ನೆನಪಾಗುವುದು ಕೋಲಾರ, ಇಲ್ಲವೇ ಸಂಡೂರು. ಚಿಕ್ಕಮಗಳೂರು ಅಂದರೆ ಕಾಫಿ, ಮಳೆ, ಗುಡ್ಡ, ಅಷ್ಟೇ. ಆದರೆ ಗಣಿಯ ಚರಿತ್ರೆ ನಮ್ಮ ಜಿಲ್ಲೆಗೂ ಇದೆ. ನಮ್ಮ ರಾಜ್ಯದಲ್ಲಿ ಕಲ್ಲಿದ್ದಲು ಸಿಗುವುದಿಲ್ಲ. ಹಾಗಾಗಿ 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಶುರುವಾದಾಗ, ಕಾಡಿನ ಮರ ಸುಟ್ಟು ಮಾಡಿದ ಇದ್ದಿಲಿನಲ್ಲೇ ಕುಲುಮೆ ಉರಿಸಿದರು. ಅದಕ್ಕೆ ಅದಿರು ಹೋಗಿದ್ದು ನಮ್ಮ ಕೆಮ್ಮಣ್ಣುಗುಂಡಿಯಿಂದ. ಇವತ್ತು ಅಲ್ಲಿ ಹೂದೋಟ ನೋಡಿ ಬರುವವರಿಗೆ ಅದೊಂದು ಗಣಿ ಜಾಗ ಅನ್ನುವುದೇ ಗೊತ್ತಿರುವುದಿಲ್ಲ.

ಇವತ್ತು ನಾನು ಮಾತಾಡಬೇಕು ಅಂತ ಬಂದಿರುವುದು ಇನ್ನೊಂದು ಊರಿನ ಬಗ್ಗೆ. ಕುದುರೆಮುಖ. ಶಿಖರದ ಬಗ್ಗೆ ಅಲ್ಲ, ಚಾರಣದ ಬಗ್ಗೆಯೂ ಅಲ್ಲ. ಭದ್ರೆಯ ದಡದಲ್ಲಿ ಸುಮಾರು ಮೂವತ್ತು ವರ್ಷ ಗಿಜಿಗುಡುತ್ತಿದ್ದು, ಆಮೇಲೆ ಹೆಚ್ಚುಕಡಿಮೆ ಖಾಲಿಯಾದ ಟೌನ್‌ಶಿಪ್ ಬಗ್ಗೆ. ನಾನು ಕಳಸದ ಕಡೆಯವನು. ಆ ಊರು ನಮಗೆ ಪಕ್ಕದ ಊರು. ಅದರ ಕಥೆಯನ್ನು ಪರಿಸರದವರು ಒಂದು ರೀತಿ ಹೇಳುತ್ತಾರೆ, ಕಂಪನಿಯವರು ಇನ್ನೊಂದು ರೀತಿ ಹೇಳುತ್ತಾರೆ. ಅಲ್ಲಿ ಬದುಕಿದವರು ಎರಡರಲ್ಲೂ ಕಾಣುವುದಿಲ್ಲ. ನನಗೆ ಬೇಸರ ಇರುವುದು ಇದರ ಬಗ್ಗೆಯೇ.

ಮೊದಲು ಅದಿರಿನ ವಿಷಯ. 1913ರಲ್ಲಿ ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಸಂಪತ್ ಅಯ್ಯಂಗಾರ್ ಅವರು ಈ ಗುಡ್ಡಗಳಲ್ಲಿ ಕಬ್ಬಿಣದ ಅದಿರು ಇರುವುದನ್ನು ಗುರುತಿಸಿದರು. ದಾರಿ ಇರಲಿಲ್ಲ, ತಿಂಗಳುಗಟ್ಟಲೆ ಬಿಡದ ಮಳೆ, ಮೈಗೆ ಹತ್ತುವ ಇಂಬಳ. ಅಂಥ ಕಡೆ ನಡೆದುಕೊಂಡೇ ಹೋಗಿ ಹುಡುಕಿದ್ದು ಸಣ್ಣ ಮಾತಲ್ಲ. ಆದರೆ ಗೊತ್ತಾದ ಮೇಲೂ ಅರ್ಧ ಶತಮಾನ ಯಾರೂ ಅದನ್ನು ಮುಟ್ಟಲಿಲ್ಲ. ಯಾಕೆಂದರೆ ಅದು ಬಳ್ಳಾರಿಯ ಅದಿರಿನಂತೆ ಅಗೆದು ಲಾರಿಗೆ ತುಂಬಿ ಕಳಿಸುವಂಥದ್ದಲ್ಲ. ಅದರಲ್ಲಿ ಕಬ್ಬಿಣದ ಅಂಶ ಶೇಕಡ 38ರ ಆಸುಪಾಸು. ಅದನ್ನು ನುಣ್ಣಗೆ ಅರೆದು, ಆಯಸ್ಕಾಂತದ ಡ್ರಮ್ಮುಗಳಿಂದ ಕಬ್ಬಿಣದ ಪುಡಿಯನ್ನು ಬೇರೆ ಮಾಡಿ, ಶೇಕಡ 67ರ ಹತ್ತಿರಕ್ಕೆ ತಂದರೆ ಮಾತ್ರ ಕೊಳ್ಳುವವರು ಸಿಗುತ್ತಾರೆ.

ಈ ಒಂದು ಸಂಗತಿ ಮನಸ್ಸಿನಲ್ಲಿಟ್ಟುಕೊಳ್ಳಿ. ಮುಂದೆ ಆಗಿದ್ದೆಲ್ಲ ಇದರಿಂದಲೇ. ಅದಿರು ಅರೆಯಬೇಕು ಅಂದರೆ ದೊಡ್ಡ ಯಂತ್ರಶಾಲೆ ಬೇಕು. ನೀರು ಬೇಕು. ಬೇರ್ಪಡಿಸಿದ ಮೇಲೆ ಉಳಿದ ಕೆಸರು ಹಾಕಲು ಜಾಗ ಬೇಕು. ಲೆಕ್ಕ ಹೇಗಿತ್ತು ಅಂದರೆ, ಹೆಚ್ಚುಕಡಿಮೆ ಮೂರು ಟನ್ ಅಗೆದರೆ ಒಂದು ಟನ್ ಮಂಗಳೂರಿಗೆ, ಎರಡು ಟನ್ ಕೆಸರಾಗಿ ಇಲ್ಲೇ. ಅದನ್ನು ಹಿಡಿದಿಡಲು ಲಕ್ಯಾ ಹೊಳೆಗೆ ಅಡ್ಡವಾಗಿ ನೂರು ಮೀಟರ್ ಹತ್ತಿರದ ಎತ್ತರದ ಅಣೆಕಟ್ಟು ಎದ್ದಿತು. ಇವತ್ತಿಗೂ ಕೋಟಿಗಟ್ಟಲೆ ಟನ್ ಕೆಸರು ಅದರ ಹಿಂದೆ ಕೂತಿದೆ. ಒಳ್ಳೆಯ ಪುಡಿಯನ್ನು ಘಾಟಿಯಲ್ಲಿ ಲಾರಿಯಲ್ಲಿ ಇಳಿಸುವ ಬದಲು ನೀರಲ್ಲಿ ಕಲಸಿ, 67 ಕಿಲೋಮೀಟರ್ ಕೊಳವೆಯಲ್ಲಿ ಪಣಂಬೂರಿಗೆ ಬಿಟ್ಟರು. ಘಟ್ಟದ ಇಳಿಜಾರೇ ಅದನ್ನು ಕರಾವಳಿಗೆ ಒಯ್ಯುತ್ತಿತ್ತು. ಎಂಜಿನಿಯರಿಂಗ್ ದೃಷ್ಟಿಯಿಂದ ನೋಡಿದರೆ ನಿಜಕ್ಕೂ ದೊಡ್ಡ ಕೆಲಸ. ಅದನ್ನು ಹೇಳದೆ ಮುಂದೆ ಹೋಗುವುದು ಸರಿಯಲ್ಲ.

ದುಡ್ಡು ಎಲ್ಲಿಂದ ಬರಬೇಕಿತ್ತು ಗೊತ್ತಾ? ಇರಾನಿನಿಂದ. 1975ರಲ್ಲಿ ಷಾ ಸರ್ಕಾರದ ಜೊತೆ ಒಪ್ಪಂದವಾಯಿತು. 63 ಕೋಟಿ ಡಾಲರ್ ಸಾಲ, ವರ್ಷಕ್ಕೆ 75 ಲಕ್ಷ ಟನ್ ಅದಿರಿನ ಪುಡಿ ಖರೀದಿ. 1976ರ ಏಪ್ರಿಲ್‌ನಲ್ಲಿ ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಹುಟ್ಟಿತು. 1980ರಲ್ಲಿ ಕೆಲಸ ಮುಗಿಯಿತು. ಆದರೆ ಅಷ್ಟರಲ್ಲಿ, 1979ರಲ್ಲಿ, ಇರಾನಿನಲ್ಲಿ ಕ್ರಾಂತಿಯಾಗಿ ಷಾ ದೇಶವನ್ನೇ ಬಿಟ್ಟಿದ್ದ. ಸಾಲದಲ್ಲಿ ಒಂದು ಭಾಗ ಮಾತ್ರ ಕೈಗೆ ಬಂದಿತ್ತು, ಖರೀದಿ ಬಿದ್ದುಹೋಯಿತು. ಮಲೆನಾಡಿನ ಮೂಲೆಯ ಗುಡ್ಡದಲ್ಲಿ ಎಲ್ಲ ಸಿದ್ಧ, ಕೊಳ್ಳುವವನೇ ಇಲ್ಲ! ಹೊಸ ಗಿರಾಕಿಗಳನ್ನು ಹುಡುಕುತ್ತಾ, ಪುಡಿಯನ್ನು ಉಂಡೆ ಕಟ್ಟಿ ಮಾರಲು 1987ರಲ್ಲಿ ಮಂಗಳೂರಿನಲ್ಲಿ ಪೆಲೆಟ್ ಘಟಕ ತೆರೆದರು.

ಇನ್ನು ಊರಿಗೆ ಬರೋಣ. ಮಲ್ಲೇಶ್ವರ ಅನ್ನುವ ಜಾಗದಲ್ಲಿ ಟೌನ್‌ಶಿಪ್ ಎದ್ದಿತು. ಆಗ ಅದು ಮೂಡಿಗೆರೆ ತಾಲ್ಲೂಕು, ಈಗ ಕಳಸ ತಾಲ್ಲೂಕು. ಕ್ವಾರ್ಟರ್ಸ್ ಸಾಲುಗಳು, ಆಸ್ಪತ್ರೆ, ಶಾಲೆ, ಅಂಗಡಿ ಸಾಲು, ಕ್ಲಬ್, ಆಟದ ಮೈದಾನ. ನಮ್ಮ ಕಡೆ ಆಗ ಎಷ್ಟೋ ಮನೆಗಳಲ್ಲಿ ಕರೆಂಟ್ ಇರಲಿಲ್ಲ. ಇದ್ದರೂ ಮಳೆಗಾಲ ಬಂತು ಅಂದರೆ ವಾರಗಟ್ಟಲೆ ಹೋಗುತ್ತಿತ್ತು. ಅಲ್ಲಿ ನೋಡಿದರೆ ರಾತ್ರಿಯಿಡೀ ದೀಪ. ಕಂಪನಿ ಕೆಲಸದ ಹುಡುಗ ಅಂದರೆ ಹೆಣ್ಣು ಕೊಡಲು ಯಾರೂ ಎರಡು ಸಲ ಯೋಚಿಸುತ್ತಿರಲಿಲ್ಲ. ಕಳಸ, ಸಂಸೆ, ಹೊರನಾಡು ಕಡೆಯಿಂದ ಬಾಳೆಗೊನೆ, ಹಾಲು, ತರಕಾರಿ ಅಲ್ಲಿಗೆ ಹೋಗುತ್ತಿತ್ತು. ನಮ್ಮ ಜನರ ಕೈಗೆ ನಾಲ್ಕು ಕಾಸು ಬಂದಿದ್ದು ಆಗ.

ಅಲ್ಲಿಗೆ ಬಂದವರು ದೇಶದ ನಾನಾ ಮೂಲೆಯವರು. ಕನ್ನಡದ ಜೊತೆ ತುಳು, ಮಲಯಾಳ, ತಮಿಳು, ತೆಲುಗು, ಹಿಂದಿ ಎಲ್ಲವೂ ಒಂದೇ ರಸ್ತೆಯಲ್ಲಿ ಕೇಳಿಸುತ್ತಿದ್ದವು. ಅವರಿಗೆಲ್ಲ ದೊಡ್ಡ ಪರೀಕ್ಷೆ ಅಂದರೆ ಮಳೆ. ಬಯಲುಸೀಮೆಯವರಿಗೆ ಇದು ಹೇಳಿದರೆ ಅರ್ಥ ಆಗುವುದು ಕಷ್ಟ. ಜೂನ್‌ನಲ್ಲಿ ಹಿಡಿದರೆ ಸೆಪ್ಟೆಂಬರ್‌ವರೆಗೂ ಸೂರ್ಯ ಕಾಣುವುದೇ ಅಪರೂಪ. ನಮ್ಮ ಹಳೇ ಮನೆಗಳಲ್ಲಿ ಬಚ್ಚಲ ಒಲೆ ದಿನವಿಡೀ ಉರಿಯುತ್ತಿರುತ್ತದೆ. ಅದರ ಮೇಲೆ ಹಗ್ಗ ಕಟ್ಟಿ ಬಟ್ಟೆ ಒಣಗಿಸುತ್ತೇವೆ. ಬಟ್ಟೆಗೆ ಹೊಗೆ ವಾಸನೆ ಬರುತ್ತದೆ, ಆದರೆ ಒಣಗುತ್ತದೆ. ಕ್ವಾರ್ಟರ್ಸಿನಲ್ಲಿ ಒಲೆ ಎಲ್ಲಿಂದ ಬರಬೇಕು? ಹಾಗಾಗಿ ಮಕ್ಕಳ ಯೂನಿಫಾರಂ ಫ್ಯಾನಿನ ಕೆಳಗೆ, ಕಾಲುಚೀಲ ಇಸ್ತ್ರಿಪೆಟ್ಟಿಗೆಯ ಕೆಳಗೆ. ಬೆಲ್ಟಿಗೆ ಬೂಷ್ಟು, ಚಪ್ಪಲಿಗೆ ಬೂಷ್ಟು, ಬೀರುವಿನಲ್ಲಿಟ್ಟ ಮದುವೆ ಫೋಟೋಕ್ಕೂ ಬೂಷ್ಟು. ಹೊಸದಾಗಿ ಬಂದ ಉತ್ತರದ ಕಡೆಯ ಹೆಣ್ಣುಮಕ್ಕಳು ಮೊದಲ ವರ್ಷ ಅತ್ತುಬಿಡುತ್ತಿದ್ದರಂತೆ.

ಅವರ ಕೈ ಹಿಡಿದವರು ಅಕ್ಕಪಕ್ಕದ ಮನೆಯವರೇ. ಮಳೆಗಾಲದಲ್ಲಿ ಕೆಸುವಿನ ಎಲೆ ತಂದು ಪತ್ರೊಡೆ ಮಾಡಿದರೆ ಒಂದು ಪಾಲು ಪಕ್ಕದ ಬಿಹಾರದವರ ಮನೆಗೆ. ಕೆಸು ಸರಿಯಾಗಿ ಬೇಯದಿದ್ದರೆ ಗಂಟಲು ತುರಿಸುತ್ತದೆ, ಹುಣಸೆಹಣ್ಣು ಜಾಸ್ತಿ ಹಾಕಬೇಕು ಅನ್ನುವ ಪಾಠವೂ ಜೊತೆಗೆ. ಆ ಮನೆಯಿಂದ ಛಟ್ ಹಬ್ಬದ ಠೇಕುವಾ ಈ ಮನೆಗೆ. ನನಗೆ ಇದನ್ನು ಹೇಳಿದ ಅಮ್ಮನಿಗೆ ಈಗ ಎಪ್ಪತ್ತು ದಾಟಿದೆ. ಠೇಕುವಾ ಮಾಡುವುದು ಅವರಿಗೆ ಇವತ್ತಿಗೂ ಬಾಯಿಪಾಠ. ಆಯುಧಪೂಜೆ ದಿನ ಗಣಿಯ ದೊಡ್ಡ ಡಂಪರುಗಳಿಗೆ ಬಾಳೆಕಂದು ಕಟ್ಟಿ, ಚೆಂಡುಹೂವಿನ ಮಾಲೆ ಹಾಕುತ್ತಿದ್ದರು. ವರ್ಷಕ್ಕೊಮ್ಮೆ ಅಪ್ಪ ಓಡಿಸುವ ಗಾಡಿಯ ಚಕ್ರದ ಪಕ್ಕ ನಿಂತು ಎತ್ತರ ನೋಡಿಕೊಳ್ಳುವುದು ಮಕ್ಕಳಿಗೆ ಸಂಭ್ರಮ. ಚಕ್ರವೇ ಅಪ್ಪನಿಗಿಂತ ಎತ್ತರ.

ಆದರೆ ಎಲ್ಲರೂ ಒಂದೇ ಥರ ಬದುಕಿದರು ಅಂತ ಹೇಳಿದರೆ ಸುಳ್ಳಾಗುತ್ತದೆ. ಕಾಯಂ ನೌಕರರು ಒಂದು ಕಡೆ, ಗುತ್ತಿಗೆ ಕೂಲಿಗಳು ಇನ್ನೊಂದು ಕಡೆ. ಕಾಯಂ ನೌಕರನಿಗೆ ಕ್ವಾರ್ಟರ್ಸ್, ಗುತ್ತಿಗೆಯವನಿಗೆ ಶೆಡ್ಡು. ಅಧಿಕಾರಿಗಳ ಮನೆ ಬೇರೆ, ಕಾರ್ಮಿಕರ ಮನೆ ಬೇರೆ. ಸುತ್ತಲಿನ ಕಾಡಂಚಿನ ಮಲೆಕುಡಿಯರಿಗೆ ಈ ಊರಿನಿಂದ ಸಿಕ್ಕಿದ್ದು ಬಹಳ ಕಡಿಮೆ.

ಇನ್ನೊಂದು ವಿಷಯ ನನ್ನನ್ನು ಯಾವಾಗಲೂ ಕಾಡುತ್ತದೆ. ಆ ಊರಲ್ಲಿ ಯಾರಿಗೂ ಸ್ವಂತ ಮನೆ ಇರಲಿಲ್ಲ. ಮನೆ ಕಂಪನಿಯದು, ಜಮೀನು ಗುತ್ತಿಗೆಯದು. ನಿವೃತ್ತಿಯಾದರೆ ಬೀಗದ ಕೈ ಕೊಟ್ಟು ಹೊರಡಬೇಕು. ಹಾಗಾಗಿ ಅಲ್ಲಿ ಅಜ್ಜ ಅಜ್ಜಿಯರು ಕಡಿಮೆ. ರಜೆಗೆ ಬಂದು ಹೋಗುವ ಅಜ್ಜ ಅಜ್ಜಿಯರಷ್ಟೇ. ಕೋಲಾರದ ಚಿನ್ನದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಅಲ್ಲಿ ಮೂರು ನಾಲ್ಕು ತಲೆಮಾರು ಬೇರು ಬಿಟ್ಟಿತ್ತು. ಕಷ್ಟವೋ ಸುಖವೋ, ಜನ ಅಲ್ಲೇ ಉಳಿದರು. ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಕೂಲಿಗೆ ಹೋಗಿ ರಾತ್ರಿ ವಾಪಸು ಬರುತ್ತಾರೆ. ಊರು ಇದೆ. ಕುದುರೆಮುಖದಲ್ಲಿ ಕೆಲಸ ನಿಂತಿತು ಅಂದರೆ ಊರೂ ನಿಂತಿತು ಅಂತಲೇ ಲೆಕ್ಕ.

ನಿಂತಿದ್ದು ಹೇಗೆ? 1969ರಲ್ಲಿ ಕೊಟ್ಟ ಮೂವತ್ತು ವರ್ಷದ ಗಣಿ ಗುತ್ತಿಗೆ 1999ಕ್ಕೆ ಮುಗಿಯಿತು. ಅಷ್ಟರಲ್ಲಿ ಸುತ್ತಲಿನ ಸುಮಾರು 600 ಚದರ ಕಿಲೋಮೀಟರ್ ಕಾಡನ್ನು ರಾಷ್ಟ್ರೀಯ ಉದ್ಯಾನ ಅಂತ 1987ರಲ್ಲೇ ಗುರುತಿಸಿ ಆಗಿತ್ತು. ಸಿಂಗಳೀಕಗಳಿರುವ ಶೋಲಾ ಕಾಡು, ಮಳೆ ನೀರು ಹೀರಿ ನಿಧಾನಕ್ಕೆ ಬಿಡುವ ಹುಲ್ಲುಗಾವಲು. ಗಂಗಾಮೂಲದಲ್ಲಿ ತುಂಗೆ, ಭದ್ರೆ, ನೇತ್ರಾವತಿ ಹುಟ್ಟುತ್ತವೆ. ಗಣಿ ಇದ್ದಿದ್ದು ಭದ್ರೆಯ ತಲೆಯ ಮೇಲೆ. ಮಳೆಗಾಲದಲ್ಲಿ ಬೋಳು ಗುಡ್ಡದ ಮಣ್ಣೆಲ್ಲ ಹೊಳೆಗೆ. ಕಳಸದಲ್ಲಿ ನಿಂತು ಆ ನೀರು ನೋಡಿದವರಿಗೆ ಯಾವ ವರದಿಯೂ ಬೇಕಿರಲಿಲ್ಲ. ಅದೇ ನೀರು ಲಕ್ಕವಳ್ಳಿಯ ಭದ್ರಾ ಜಲಾಶಯಕ್ಕೆ, ಅಲ್ಲಿಂದ ದಾವಣಗೆರೆಯ ಗದ್ದೆಗಳವರೆಗೆ.

ಗುತ್ತಿಗೆ ಮುಂದುವರಿಸಿ ಅಂತ ಕಂಪನಿ, ಬೇಡ ಅಂತ ಪರಿಸರದವರು. ನಾಗರಹೊಳೆಯಲ್ಲಿ ಅರಣ್ಯಾಧಿಕಾರಿಯಾಗಿ ಹೆಸರಾಗಿದ್ದ ಕೆ.ಎಂ. ಚಿಣ್ಣಪ್ಪ ಅವರು ಸುಪ್ರೀಂ ಕೋರ್ಟಿಗೆ ಹೋದರು. 2002ರ ಅಕ್ಟೋಬರ್ 30ರಂದು ತೀರ್ಪು ಬಂತು. 2005ರ ಕೊನೆಗೆ ಗಣಿ ನಿಲ್ಲಬೇಕು. ನಿಂತಿತು. ಅದಿರು ಇನ್ನೂ ಇತ್ತು.

ತೀರ್ಪು ಸರಿ ಅಂತಲೇ ನನ್ನ ಅಭಿಪ್ರಾಯ. ನದಿ ಹುಟ್ಟುವ ಜಾಗದಲ್ಲಿ ಗುಡ್ಡ ಕಡಿಯಬಾರದು. ಗಣಿ ನಡೆದೇ ಇದ್ದಿದ್ದರೆ ಇವತ್ತು ಭದ್ರೆಯ ಗತಿ ಏನಾಗುತ್ತಿತ್ತು ಅಂತ ಯೋಚಿಸಲೂ ಭಯವಾಗುತ್ತದೆ. ಆದರೆ ತೀರ್ಪಿಗೂ ಗಣಿ ನಿಲ್ಲುವುದಕ್ಕೂ ನಡುವೆ ಮೂರು ವರ್ಷ ಇತ್ತು. ಆ ಮೂರು ವರ್ಷದಲ್ಲಿ ಜನರ ಬಗ್ಗೆ ಇನ್ನೂ ಜಾಸ್ತಿ ಯೋಚಿಸಬಹುದಿತ್ತು. ಕಾಯಂ ನೌಕರರಲ್ಲಿ ಕೆಲವರಿಗೆ ಮಂಗಳೂರು, ಬೆಂಗಳೂರಿಗೆ ವರ್ಗ, ಕೆಲವರಿಗೆ ಸ್ವಯಂ ನಿವೃತ್ತಿ. ಗುತ್ತಿಗೆ ಕೂಲಿಗಳಿಗೆ? ಅವರಲ್ಲಿ ಕೆಲವು ಕುಟುಂಬಗಳು ಹೋಗಲು ಬೇರೆ ಊರಿಲ್ಲದೆ ಅಲ್ಲೇ ಉಳಿದವು. ಮಕ್ಕಳು ಹುಟ್ಟಿದ್ದು ಅಲ್ಲೇ, ಬೆಳೆದಿದ್ದು ಅಲ್ಲೇ. ನಮಗೊಂದು ನಿವೇಶನ ಕೊಡಿ ಅಂತ ಅವರು ಕೇಳಿದ್ದರಲ್ಲಿ ತಪ್ಪೇನಿದೆ ಹೇಳಿ? ಕಾಡು ಉಳಿಯಲಿ ಅಂದ ನಮ್ಮಂಥವರು ಆಗ ಅವರ ಪರವಾಗಿ ಅಷ್ಟೇ ಗಟ್ಟಿಯಾಗಿ ದನಿ ಎತ್ತಬೇಕಿತ್ತು.

ಕಂಪನಿ ಈಗಲೂ ಇದೆ. ಬೇರೆ ಕಡೆಯ ಅದಿರು ತಂದು ಮಂಗಳೂರಿನಲ್ಲಿ ಪೆಲೆಟ್ ಮಾಡುತ್ತದೆ. ಕುದುರೆಮುಖದ ಕ್ವಾರ್ಟರ್ಸುಗಳಲ್ಲಿ ಎಷ್ಟೋ ಕಡೆ ಸೂರು ಕುಸಿದಿದೆ. ಮಲೆನಾಡಿನ ಮಳೆಗೆ, ಒಳಗೆ ಜನ ಇಲ್ಲದ ಮನೆ ನಿಲ್ಲುವುದಿಲ್ಲ. ಪ್ರವಾಸಿಗಳು ಬಂದು ಪಾಳುಬಿದ್ದ ಗೋಡೆಗಳ ಮುಂದೆ ವಿಡಿಯೋ ಮಾಡುತ್ತಾರೆ, ದೆವ್ವದ ಊರು ಅಂತ ಹೆಸರು ಹಾಕುತ್ತಾರೆ. ನನಗೆ ಅದನ್ನು ನೋಡಿದರೆ ಸಿಟ್ಟು ಬರುತ್ತದೆ. ಆ ಅಡುಗೆಮನೆಗಳಲ್ಲಿ ಪತ್ರೊಡೆ ಬೇಯಿಸಿದವರು ಇನ್ನೂ ಬದುಕಿದ್ದಾರೆ, ಸ್ವಾಮಿ.

ಅದಕ್ಕೇ ಇಲ್ಲಿರುವ ವಿದ್ಯಾರ್ಥಿಗಳಲ್ಲಿ ನನ್ನದೊಂದು ಕೇಳಿಕೆ. ಕಂಪನಿಯ ಲೆಕ್ಕಪತ್ರ ಕಂಪನಿಯ ಹತ್ತಿರ ಇರುತ್ತದೆ, ಕೋರ್ಟಿನ ಕಡತ ಕೋರ್ಟಿನಲ್ಲಿ ಇರುತ್ತದೆ. ಶಾಲೆಯ ವಾರ್ಷಿಕೋತ್ಸವದ ಫೋಟೋ, ಗಣೇಶೋತ್ಸವದ ಕರಪತ್ರ, ಶಿಫ್ಟ್ ಬಸ್ಸಿನ ಪಾಸು, ಗುತ್ತಿಗೆ ಕೂಲಿಯ ಹಾಜರಿ ಚೀಟಿ, ಇವು ಯಾರ ಹತ್ತಿರ ಇವೆ? ಮಂಗಳೂರು, ಬೆಂಗಳೂರಿನ ಯಾವುದೋ ಮನೆಯ ಅಟ್ಟದ ಮೇಲೆ. ಅವರ ಮಕ್ಕಳಿಗೆ ಅದು ಹಳೇ ಕಾಗದ. ಮನೆ ಬದಲಿಸುವಾಗ ರದ್ದಿಗೆ ಹೋಗುತ್ತದೆ. ನಿಮ್ಮ ಫೋನಿನಲ್ಲೇ ಅವುಗಳ ಚಿತ್ರ ತೆಗೆದಿಡಬಹುದು. ಹಿರಿಯರನ್ನು ಕೂರಿಸಿ ಮಾತಾಡಿಸಿ, ಧ್ವನಿ ದಾಖಲು ಮಾಡಿ. ಅಧಿಕಾರಿಗಳನ್ನು ಮಾತ್ರ ಕೇಳಬೇಡಿ. ಡಂಪರ್ ಓಡಿಸಿದವರನ್ನು ಕೇಳಿ, ಆಸ್ಪತ್ರೆಯ ಆಯಾಗಳನ್ನು ಕೇಳಿ, ಕಳಸದಿಂದ ಹಾಲು ಹೊತ್ತವರನ್ನು ಕೇಳಿ, ಶೆಡ್ಡಿನಲ್ಲಿದ್ದವರನ್ನು ಮೊದಲು ಕೇಳಿ. ಭದ್ರೆಯ ನೀರು ಕೆಟ್ಟಾಗ ಏನು ಮಾಡಿದಿರಿ ಅಂತಲೂ ಕೇಳಿ. ಹಿತವಾದ ನೆನಪು ಮಾತ್ರ ಆರಿಸಿಕೊಂಡರೆ ಅದು ಚರಿತ್ರೆ ಆಗುವುದಿಲ್ಲ.

ನಾನು ಹೇಳಬೇಕಾಗಿದ್ದು ಇಷ್ಟು. ಈ ಸಭೆಯಲ್ಲಿ ಕುದುರೆಮುಖದಲ್ಲಿ ದುಡಿದವರು, ಅಲ್ಲಿ ಓದಿದವರು ಇದ್ದರೆ ದಯವಿಟ್ಟು ಮುಂದೆ ಬನ್ನಿ. ನನಗೆ ಕೇಳುವ ಪ್ರಶ್ನೆಗಳು ಆಮೇಲೆ ಇರಲಿ, ಮೊದಲು ನೀವು ಮಾತಾಡಿ.