ನಮ್ಮಲ್ಲಿಲ್ಲದ ಒಲೆ

ಕೇಳುಗರೆಲ್ಲರಿಗೂ ನಮಸ್ಕಾರ. ಹಾಸನದ ಸುತ್ತಮುತ್ತಲ ಮನೆಗಳಲ್ಲಿ ಈ ಹೊತ್ತಿಗೆ ಅವರೆಕಾಳಿನ ಸಾರು ಕುದಿಯುತ್ತಿರಬಹುದು. ನಾನೂ ಊಟದಿಂದಲೇ ಆರಂಭಿಸುತ್ತೇನೆ. ದೇಹದ ಪ್ರೋಟೀನುಗಳಿಗೆ 20 ಬಗೆಯ ಅಮೈನೋ ಆಮ್ಲಗಳು ಬೇಕು. ಅವುಗಳಲ್ಲಿ 9 ಬಗೆಗಳನ್ನು ನಾವು ಕಾಳು, ಹಾಲು, ಮೊಟ್ಟೆಗಳಂಥ ಆಹಾರದಿಂದಲೇ ಪಡೆಯಬೇಕು. ಕ್ಷಯದ ಬ್ಯಾಕ್ಟೀರಿಯಾ ಹಾಗಲ್ಲ, ಅದು ಇಪ್ಪತ್ತನ್ನೂ ತಾನೇ ಬೇಯಿಸಿಕೊಳ್ಳುತ್ತದೆ. ಆ ಅಡುಗೆ ಮಾಡುವ ಕಿಣ್ವಗಳಲ್ಲಿ ಹಲವು ನಮ್ಮಲ್ಲಿ ಇಲ್ಲವೇ ಇಲ್ಲ. ನಮ್ಮಲ್ಲಿಲ್ಲದ ಆ ಒಲೆಯನ್ನು ಆರಿಸಿದರೆ ರೋಗಾಣು ಉಪವಾಸ ಬೀಳುತ್ತದೆ. ಇಂದು ನಾನು ಹೇಳಬೇಕಾದುದು ಇಷ್ಟೇ.

ಸಕಲೇಶಪುರದ ಕಡೆಯ ಹಿರಿಯ ಕಾಫಿ ಬೆಳೆಗಾರರೊಬ್ಬರು ಒಮ್ಮೆ ತೋಟಕ್ಕೆ ಗ್ಲೈಫೋಸೇಟ್ ಕಳೆನಾಶಕ ಹೊಡೆಸಿದ್ದರು. ಗಾಳಿಗೆ ಹನಿ ಹಾರಿ ಎಳೆಯ ಕಾಫಿ ಸಸಿಗಳ ಮೇಲೂ ಬಿದ್ದಿತ್ತು. ಕೆಲವು ದಿನಗಳ ನಂತರ ಅವರು ಒಂದು ಸಸಿಯನ್ನು ಬೇರುಸಹಿತ ಕಿತ್ತು, ಗೊಬ್ಬರದ ಖಾಲಿ ಚೀಲದಲ್ಲಿ ಸುತ್ತಿಕೊಂಡು ನನ್ನ ಪ್ರಯೋಗಾಲಯಕ್ಕೇ ಬಂದರು. ಚಿಗುರು ಹಳದಿಗಟ್ಟಿತ್ತು, ಹೊಸ ಎಲೆಗಳು ಪಟ್ಟಿಯಂತೆ ಕಿರಿದಾಗಿದ್ದವು. "ಎಲ್ಲಿಯೂ ಸುಟ್ಟಿಲ್ಲವಲ್ಲ ಮೇಷ್ಟ್ರೇ, ಮತ್ತೆ ಇದು ಸಾಯುತ್ತಿರುವುದು ಹೇಗೆ?" ಎಂದು ಕೇಳಿದರು. ಹಸಿವಿನಿಂದ ಎಂದೆ. "ಮೊನ್ನೆ ತಾನೇ ಗೊಬ್ಬರ ಕೊಟ್ಟಿದ್ದೇನೆ" ಎಂದು ಅವರಿಗೆ ಸಿಟ್ಟೇ ಬಂದಿತು. ಗೊಬ್ಬರವೆಂದರೆ ಅಕ್ಕಿಬೇಳೆ, ಒಲೆಯೇ ಆರಿದ್ದರೆ ಅಕ್ಕಿಬೇಳೆಯಿಂದ ಏನು ಪ್ರಯೋಜನ? ಫಿನೈಲ್‌ಅಲನೀನ್, ಟೈರೋಸಿನ್, ಟ್ರಿಪ್ಟೋಫಾನ್ ಎಂಬ ಮೂರು ಅಮೈನೋ ಆಮ್ಲಗಳನ್ನು ಗಿಡ ತಯಾರಿಸುವ ದಾರಿಯಲ್ಲಿ ಇಪಿಎಸ್‌ಪಿ ಸಿಂಥೇಸ್ ಎಂಬ ಕಿಣ್ವವಿದೆ. ಗ್ಲೈಫೋಸೇಟ್ ಅದನ್ನೇ ಹಿಡಿದು ನಿಲ್ಲಿಸುತ್ತದೆ. ಆ ಕಿಣ್ವ ಬ್ಯಾಕ್ಟೀರಿಯಾಗಳಲ್ಲಿ ಇದೆ, ಮನುಷ್ಯರಲ್ಲಿ ಇಲ್ಲ ಎಂದೊಡನೆ ಅವರು, "ಹಾಗಾದರೆ ಕ್ಷಯದವರಿಗೆ ಇದನ್ನೇ ಕುಡಿಸಬಹುದಲ್ಲ!" ಎಂದರು. ಖಂಡಿತ ಕೂಡದು. ಕಳೆನಾಶಕ ಕುಡಿದು ಪ್ರಾಣ ಕಳೆದುಕೊಂಡವರಿದ್ದಾರೆ, ದಯವಿಟ್ಟು ಯಾರೂ ಅದರ ಯೋಚನೆಯನ್ನೂ ಮಾಡಬೇಡಿ. ಆದರೆ ನನ್ನ ವಿದ್ಯಾರ್ಥಿಗಳು ವರ್ಷವಿಡೀ ಕೇಳದ ಪ್ರಶ್ನೆಯನ್ನು ಅವರು ನಿಂತಲ್ಲೇ ಕೇಳಿದ್ದರು.

1981ರಲ್ಲಿ ವಿಜ್ಞಾನಿಗಳು ಟೈಫಾಯ್ಡ್‌ನಂಥ ಜ್ವರ ತರುವ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾದಲ್ಲಿ ಇದೇ ಕಿಣ್ವದ ಜೀನನ್ನು ಕೆಡಿಸಿ, ಅದನ್ನು ಇಲಿಗಳಿಗೆ ಚುಚ್ಚಿದರು. ಒಲೆಯಿಲ್ಲದ ಆ ರೋಗಾಣು ಇಲಿಗಳಿಗೆ ರೋಗ ತರಲಿಲ್ಲ. ಬದಲಾಗಿ ಲಸಿಕೆಯಂತೆ ಅವುಗಳನ್ನು ಕಾಪಾಡಿತು.

ಸಸಿಯ ಕಥೆಯಲ್ಲಿಯೇ ಸಮಯ ಕಳೆದುಹೋಯಿತು, ಉಳಿದದ್ದನ್ನು ಬೇಗ ಹೇಳುತ್ತೇನೆ. ಕ್ಷಯದ ರೋಗಾಣು ಹೊಕ್ಕಾಗ ನಮ್ಮ ರಕ್ಷಕ ಕೋಶಗಳು ತಮ್ಮಲ್ಲಿರುವ ಟ್ರಿಪ್ಟೋಫಾನನ್ನು ತಾವೇ ಒಡೆದು ರೋಗಾಣುವನ್ನು ಹಸಿವಿಗೆ ದೂಡುತ್ತವೆ. ಅದು ತನ್ನ ಒಲೆ ಹೊತ್ತಿಸಿ ಟ್ರಿಪ್ಟೋಫಾನ್ ಮಾಡಿಕೊಂಡು ಬದುಕುತ್ತದೆ. ಆ ಒಲೆಯೂ ನಮ್ಮಲ್ಲಿಲ್ಲ. ಇನ್ನು, ಅನೇಕ ಔಷಧಿಗಳಿಗೆ ಬಗ್ಗದ ಕ್ಷಯಕ್ಕೆ ವೈದ್ಯರು ಕೊಡುವ ಸೈಕ್ಲೋಸೆರಿನ್ ಎಂಬ ಮಾತ್ರೆಯಿದೆ. ಎಡಗೈ ಬಲಗೈಗಳಂತೆ ಅಲನೀನ್ ಎಂಬ ಅಮೈನೋ ಆಮ್ಲಕ್ಕೆ ಎರಡು ರೂಪಗಳಿದ್ದು, ಒಂದನ್ನು ಇನ್ನೊಂದಕ್ಕೆ ತಿರುಗಿಸುವ ಕಿಣ್ವದ ನೆರವಿನಿಂದ ಬ್ಯಾಕ್ಟೀರಿಯಾ ತನ್ನ ಗೋಡೆ ಕಟ್ಟುತ್ತದೆ. ಸೈಕ್ಲೋಸೆರಿನ್ ಆ ಕಿಣ್ವವನ್ನು ತಡೆಯುತ್ತದೆ, ಗೋಡೆ ಕುಸಿಯುತ್ತದೆ. ನಮ್ಮ ಜೀವಕೋಶಗಳಿಗೆ ಅಂಥ ಗೋಡೆಯೇ ಇಲ್ಲ. ನಮಸ್ಕಾರ.