ದೊಡ್ಡ ಗ್ಯಾರೇಜ್ ನೋಡಿ ಮೋಟರ್‌ಹೋಮ್ ಕೊಳ್ಳಬೇಡಿ

ನಮಸ್ಕಾರ. ಜರ್ಮನಿಯಲ್ಲೋ ನೆದರ್ಲೆಂಡ್ಸ್‌ನಲ್ಲೋ ಇದ್ದುಕೊಂಡು, ಮನೆಮಂದಿಯೆಲ್ಲ ಸುತ್ತಾಡೋಕೆ ಒಂದು ಮೋಟರ್‌ಹೋಮ್, ಅಂದರೆ ಒಳಗೇ ಮಲಗಿ ಅಡುಗೆ ಮಾಡಿಕೊಳ್ಳಬಹುದಾದ ಗಾಡಿ, ಕೊಳ್ಳಬೇಕು ಅಂತಿರುವವರಿಗೆ ಇವತ್ತಿನ ಮಾತು.

ಶೋರೂಮಿಗೆ ಹೋದರೆ ಮೊದಲು ತೋರಿಸುವುದು ಗಾಡಿಯ ಹಿಂಬದಿಯ ಸಾಮಾನು ಕೋಣೆ, ಅದಕ್ಕೆ ಗ್ಯಾರೇಜ್ ಅಂತಾರೆ. ಬಾಗಿಲು ತೆಗೆದರೆ ಸೈಕಲ್‌ಗಳು, ಮಡಚುವ ಕುರ್ಚಿ, ಟೇಬಲ್ ಎಲ್ಲ ಹಿಡಿಯುವಷ್ಟು ಜಾಗ. ಖುಷಿಯಾಗುತ್ತದೆ, ಅಲ್ವಾ? ಆದರೆ ಜಾಗ ಇದ್ದ ಮಾತ್ರಕ್ಕೆ ಅಲ್ಲಿ ಭಾರ ತುಂಬುವ ಹಾಗಿಲ್ಲ. ಜಾಗ ಕೊಡುವುದು ಬಾಡಿ, ಭಾರ ಹೊರುವುದು ಚಾಸಿ, ಅಂದರೆ ಚಕ್ರಗಳ ಮೇಲೆ ಕೂತ ತಳದ ಚೌಕಟ್ಟು.

ಅಲ್ಲಿನ ಬಹಳಷ್ಟು ಗಾಡಿಗಳು, ಜನ-ಲಗೇಜೆಲ್ಲ ಸೇರಿ, 3,500 ಕೆಜಿ ಮಿತಿಯೊಳಗೆ ಬರುತ್ತವೆ, ಕಾರಿನ ಬಿ ಲೈಸೆನ್ಸಿನಲ್ಲೇ ಓಡಿಸಲಿ ಅಂತ. ಲಗೇಜಿಗೆ ಇಷ್ಟಾದರೂ ಉಳಿಸಲೇಬೇಕು ಅಂತ ಯುರೋಪಿನ ಕಾನೂನು ಒಂದು ಲೆಕ್ಕ ಇಟ್ಟಿದೆ. ಸೀಟುಗಳ ಸಂಖ್ಯೆಗೆ ಗಾಡಿಯ ಉದ್ದವನ್ನು ಮೀಟರಿನಲ್ಲಿ ಕೂಡಿಸಿ, ಹತ್ತರಿಂದ ಗುಣಿಸಿ. 4 ಸೀಟು, 7 ಮೀಟರ್ ಅಂದರೆ 110 ಕೆಜಿ. ಜನರಿಗೆ ತಲಾ 75 ಕೆಜಿ ಬೇರೆ. ಹಾಸಿಗೆ, ಬಟ್ಟೆ, ಕುಕ್ಕರ್, ಅಕ್ಕಿ, ಸೈಕಲ್ ಎಲ್ಲ ಆ 110ರಲ್ಲೇ ಆಗಬೇಕು. ಗಾಡಿಯ ಸ್ವಂತ ತೂಕ ಹೇಳುವಾಗ ಟ್ಯಾಂಕಿನ ನೀರನ್ನೂ 20 ಲೀಟರ್ ಅಂತಷ್ಟೇ ಲೆಕ್ಕ ಹಿಡಿಯುವ ಕಂಪನಿಗಳಿವೆ. ನೀವು 100 ಲೀಟರ್ ತುಂಬಿಸಿದರೆ 80 ಕೆಜಿ ಅಲ್ಲೇ ಹೋಯಿತು. ಮಕ್ಕಳನ್ನು ಕೂರಿಸಿಕೊಂಡು ಹೋಗುವ ಗಾಡಿಗೆ ಇಷ್ಟು ಕಡಿಮೆ ಸಾಲದು ಅಂತ ನಾನು ಖಂಡಿತವಾಗಿ ಹೇಳುತ್ತೇನೆ.

ಗ್ಯಾರೇಜಿನ ವಿಷಯ ಇನ್ನೂ ಗಂಭೀರ. ಮುಂದಿನ, ಹಿಂದಿನ ಚಕ್ರಗಳ ಎರಡು ಆಕ್ಸಲ್‌ಗಳ (ಅಚ್ಚುಗಳ) ನಡುವೆ 4 ಮೀಟರ್ ಇದೆ ಅಂದುಕೊಳ್ಳಿ. ಹಿಂದಿನ ಆಕ್ಸಲ್‌ನಿಂದ ಒಂದೂವರೆ ಮೀಟರ್ ಆಚೆಗೆ 100 ಕೆಜಿ ಇಟ್ಟರೆ, ಆ ಆಕ್ಸಲ್ ಮೇಲೆ ಬೀಳುವುದು ಸುಮಾರು 138 ಕೆಜಿ. ಏತದ ಮರದ ಹಾಗೆ ಹಿಂದೆ ಒತ್ತಿದಷ್ಟೂ ಮುಂದೆ ಏಳುತ್ತದೆ. ಬಹಳಷ್ಟು ಮೋಟರ್‌ಹೋಮ್‌ಗಳನ್ನು ಕಟ್ಟುವುದು ಫಿಯಟ್ ಡುಕಾಟೊ ವ್ಯಾನಿನ ಮೇಲೆ, ಅದಕ್ಕೆ ಎಳೆತ ಮುಂದಿನ ಚಕ್ರದಲ್ಲಿ. ಆ ಚಕ್ರದ ಮೇಲಿನ ಭಾರವೇ ಹಗುರಾದರೆ, ಮಳೆ ಬಿದ್ದ ಕ್ಯಾಂಪಿಂಗ್ ಹುಲ್ಲಿನ ಮೇಲೆ ಚಕ್ರ ಸುಮ್ನೆ ತಿರುಗುತ್ತಿರುತ್ತದೆ, ಗಾಡಿ ಕದಲುವುದಿಲ್ಲ.

ಹಾಗಾದರೆ ಯಾವ ಚಾಸಿ? ಡುಕಾಟೊದ ಲೈಟ್ ಮಾದರಿಗೆ 15 ಇಂಚಿನ ಚಕ್ರ, ಮ್ಯಾಕ್ಸಿಗೆ 16. ಮ್ಯಾಕ್ಸಿಯ ಆಕ್ಸಲ್ ಜಾಸ್ತಿ ಹೊರುತ್ತದೆ. ಆದರೆ ಅದರ ಸ್ವಂತ ತೂಕವೂ ಜಾಸ್ತಿ. ಅದನ್ನೂ 3,500ಕ್ಕೇ ನೋಂದಾಯಿಸಿದರೆ ನಿಮ್ಮ ಲಗೇಜಿನ ಪಾಲು ಕಡಿಮೆಯಾಗುತ್ತದೆ. ಮರ್ಸಿಡಿಸ್ ಸ್ಪ್ರಿಂಟರ್ ವ್ಯಾನಿನ ಹಿಂಬದಿ ಎಳೆತದ ಗಾಡಿಯಲ್ಲಿ ಹಿಂದಿನ ಭಾರ ಚಕ್ರಕ್ಕೆ ಹಿಡಿತ ಕೊಡುತ್ತದೆ, ಅದು ಒಳ್ಳೆಯದೇ. ಆದರೆ ಎಂಜಿನ್ನಿನ ಶಕ್ತಿಯನ್ನು ಹಿಂದಿನ ಚಕ್ರಕ್ಕೆ ಒಯ್ಯುವ ಪ್ರೊಪೆಲರ್ ಶಾಫ್ಟ್ ನೆಲದಡಿ ಹಾದುಹೋಗುವುದರಿಂದ ಫ್ಲೋರ್ ಎತ್ತರಕ್ಕೇರುತ್ತದೆ. ಇವೆಕೊ ಡೈಲಿ ಅನ್ನುವ ಇನ್ನೊಂದು ವ್ಯಾನಿನಲ್ಲಿ 7 ಟನ್‌ವರೆಗೂ ಮಾದರಿಗಳಿವೆ, ಆದರೆ 3,500 ದಾಟಿದರೆ ಲೈಸೆನ್ಸ್ ಪ್ರಶ್ನೆ ಬರುತ್ತದೆ.

ನನಗೆ ಹಿಡಿಸಿದ್ದು ಆಲ್‌ಕೊ (AL-KO) ಕಂಪನಿಯ ಚಾಸಿ. ಡುಕಾಟೊದ ಮುಂಭಾಗ ಇಟ್ಟುಕೊಂಡು, ಹಿಂದಿನ ಫ್ರೇಮ್ ಬದಲಿಗೆ ಗ್ಯಾಲ್ವನೈಸ್ ಮಾಡಿದ ಹಗುರ, ತಗ್ಗಿನ ಫ್ರೇಮ್ ಜೋಡಿಸುತ್ತಾರೆ. ಹಿಂದಕ್ಕೆ ಶಾಫ್ಟ್ ಇಲ್ಲದ ಕಾರಣ ಇದು ಸಾಧ್ಯ. ಅದರ ಮೇಲೆ ಡಬಲ್ ಫ್ಲೋರ್, ಅಂದರೆ ನಡುವೆ ಜಾಗ ಬಿಟ್ಟ ಎರಡು ಪದರದ ನೆಲ, ಕಟ್ಟಿದರೆ ನೀರಿನ ಟ್ಯಾಂಕ್, ಬ್ಯಾಟರಿ, ಅಕ್ಕಿ ಚೀಲ ಎಲ್ಲ ಎರಡು ಆಕ್ಸಲ್‌ಗಳ ನಡುವೆ, ತಳದಲ್ಲೇ ಕೂರುತ್ತವೆ. ಭಾರ ಇರಬೇಕಾದ ಜಾಗ ಅದೇ. ಡಬಲ್ ಫ್ಲೋರ್ ತಾನೂ ತೂಗುತ್ತದೆ, ನಿಜ. ಆದರೂ ಗ್ಯಾರೇಜ್ ಚಿಕ್ಕದಾದರೆ ಆಗಲಿ, ನಾನು ಇದನ್ನೇ ಆರಿಸುತ್ತೇನೆ.

ಸೆಕೆಂಡ್ ಹ್ಯಾಂಡ್ ನೋಡುತ್ತಿದ್ದರೆ ಡೀಸೆಲ್, ನೀರು ತುಂಬಿಸಿ, ಮನೆಯವರನ್ನೆಲ್ಲ ಕೂರಿಸಿ, ವೇಬ್ರಿಡ್ಜ್ ಮೇಲೆ ನಿಲ್ಲಿಸಿ. ಮೊದಲು ಒಂದು ಆಕ್ಸಲ್, ಆಮೇಲೆ ಇಡೀ ಗಾಡಿ. ಚೀಟಿಯಲ್ಲಿನ ತೂಕವನ್ನು, ಕಂಪನಿ ಗಾಡಿಗೆ ಹಚ್ಚಿದ ತೂಕದ ಪ್ಲೇಟಿನಲ್ಲಿರುವ ಮಿತಿಯ ಜೊತೆ ಹೋಲಿಸಿ. ಇದಕ್ಕೆ ಮಾರುವವರು ಒಪ್ಪದಿದ್ದರೆ ಆ ಗಾಡಿ ಬೇಡ, ಮುಂದಿನದು ನೋಡಿ.